ಜಯದೇವಪ್ಪ ಇನ್ನೊಂದು ಮನೆ ಮಾಡಿದ್ದು

ಚನ್ನಗಿರಿ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನವರಿಗೆ ಗೊತ್ತಿಲ್ಲದ ಸಂಗತಿಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಗೊತ್ತಿಲ್ಲವೆಂದು ಅವರು ಒಪ್ಪಿಕೊಂಡ ಸಂಗತಿ ಮಾತ್ರ ಒಂದೂ ಇರಲಿಲ್ಲ. ಅವರು ಮಾಡಿದ ಅತಿ ದೂರದ ಪ್ರಯಾಣವೆಂದರೆ, ಹರಿಹರದಲ್ಲಿ ಇಳಿಯಬೇಕಾದವರು ರೈಲಿನಲ್ಲಿ ನಿದ್ದೆ ಹೋಗಿ ರಾಣೆಬೆನ್ನೂರು ತಲುಪಿದ್ದು. ಆದರೂ ಇಂಗ್ಲೆಂಡಿನ ಚಳಿ, ಇಂಗ್ಲೆಂಡಿನ ರಸ್ತೆ, ಇಂಗ್ಲೆಂಡಿನ ಹಸುಗಳ ಹಾಲು, ಇವುಗಳ ಬಗ್ಗೆ ಒಂದು ಚೊಂಬು ಕೊಳ್ಳಲು ಬಂದವರಿಗೂ ಅವರು ವಿವರವಾಗಿ ತಿಳಿಸಿ ಕಳಿಸುತ್ತಿದ್ದರು. ಕಾರಣ, ಅವರ ತಂಗಿ ಶಾಂತಾದೇವಿಯ ಗಂಡ ಜಯದೇವಪ್ಪ ಇಂಗ್ಲೆಂಡಿನಲ್ಲಿದ್ದ.

ಜಯದೇವಪ್ಪ ಮೊದಲು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲುವ ಯಂತ್ರ ನೋಡಿಕೊಳ್ಳುತ್ತಿದ್ದವನು. ಮದುವೆಯಾದ ವರ್ಷವೇ ಯಾರದೋ ಕೈಹಿಡಿದು ಬ್ರಾಡ್‌ಫರ್ಡ್ ಎಂಬ ಊರಿನ ಉಣ್ಣೆ ಗಿರಣಿಗೆ ಸೇರಿಕೊಂಡ. ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು ಗಂಡಸರು. ಇಬ್ಬರು ಹಗಲು ಪಾಳಿ, ಇಬ್ಬರು ರಾತ್ರಿ ಪಾಳಿ, ಹಾಸಿಗೆ ಎರಡೇ. ಇಂಥ ಕಡೆಗೆ ಹೆಂಡತಿಯನ್ನು ಕರೆಸುವುದು ಹೇಗೆ? “ಮನೆ ಅಂತ ಒಂದು ಆಗ್ಲಿ, ಮಾರನೇ ದಿನವೇ ಕರೆಸ್ಕಂತೀನಿ” ಎಂದು ಹೇಳಿ ಹೋಗಿದ್ದ. ಬಾಡಿಗೆಗೆ ಮನೆ ಕೇಳಿದರೆ ಅಲ್ಲಿನ ದೊರೆಗಳು ಇವನ ಮುಖ ನೋಡಿ, ಈಗತಾನೇ ಬೇರೆಯವರಿಗೆ ಕೊಟ್ಟೆವು ಎಂದು ಬಾಗಿಲು ಹಾಕುತ್ತಿದ್ದರು. ಹೀಗೆ ಕೆಲವು ವರ್ಷ ಕಳೆದವು. ಶಾಂತಾದೇವಿ ಅಣ್ಣನ ಮನೆಯಲ್ಲಿ ಕಾಯುತ್ತಿದ್ದಳು. ಪಾಸ್‌ಪೋರ್ಟು ಬಂದಿತ್ತು. ಟ್ರಂಕಿನಲ್ಲಿ ರೊಟ್ಟಿ ಹಂಚು, ಎರಡು ಉಣ್ಣೆ ರಗ್ಗು, ಶೇಂಗಾ ಚಟ್ನಿಪುಡಿ ಸಿದ್ಧವಾಗಿದ್ದವು. ಚಟ್ನಿಪುಡಿ ಹಳಸಿದಾಗಲೆಲ್ಲ ಅವಳು ಹೊಸದಾಗಿ ಕುಟ್ಟಿ ತುಂಬಿಡುತ್ತಿದ್ದಳು.

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಅಂಚೆ ಕಚೇರಿಗೆ ಟ್ರಂಕ್‌ಕಾಲ್ ಬರುತ್ತದೆಂದು ಕೊಟ್ರಬಸಪ್ಪನವರಿಗೆ ಕರೆ ಬಂತು. ಶಾಂತಾದೇವಿ ಚಿಕ್ಕಮ್ಮನ ಮನೆಗೆಂದು ನಲ್ಲೂರಿಗೆ ಹೋಗಿದ್ದಳು. ಕೊಟ್ರಬಸಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಭೂತಿ ಹಚ್ಚಿ, ಬೀದಿಯಲ್ಲಿ ಸಿಕ್ಕವರಿಗೆಲ್ಲ “ಲಂಡನ್ ಫೋನು” ಎಂದು ಹೇಳುತ್ತ ಹೋದರು. ಅವರು ಅಂಚೆ ಕಚೇರಿ ಮುಟ್ಟುವ ಹೊತ್ತಿಗೆ ಅಲ್ಲಿ ಪೋಸ್ಟ್ ಮಾಸ್ಟರ್ ತಿಪ್ಪೇಶಪ್ಪ, ಮನಿಯಾರ್ಡರಿಗೆ ಬಂದವರು, ಪಿಂಚಣಿಗೆ ಬಂದ ಪಕ್ಕದ ಮನೆಯ ಗಾದ್ರಮ್ಮಜ್ಜಿ, ಏನಕ್ಕೂ ಬರದ ಹತ್ತು ಹನ್ನೆರಡು ಜನ, ಎಲ್ಲರೂ ಸೇರಿದ್ದರು.

ಫೋನು ಬಡಿದುಕೊಂಡಿತು. ಅದರೊಳಗೆ ಬಾಣಲೆಯಲ್ಲಿ ಜೋಳ ಹುರಿಯುವ ಸದ್ದು. ಆ ಸದ್ದಿನ ಹಿಂದೆ ಎಲ್ಲೋ ಜಯದೇವಪ್ಪ.

“ಭಾವನೋರೇ! ಕೇಳ್ತೈತಾ?”

“ಬಲು ಕ್ಲಿಯರ್!” ಎಂದು ಕೊಟ್ರಬಸಪ್ಪನವರು ಹೊರಗೆ ನಿಂತವರಿಗೂ ಕೇಳುವಂತೆ ಕೂಗಿದರು. “ಪಕ್ಕದಾಗೆ ಕುಂತಂಗೈತೆ! ಹೇಳ್ರಿ!”

“ಎಷ್ಟು ದಿನ ಅಂತ ಹಿಂಗೇ ಇರೋದು ಭಾವನೋರೇ! ಸಾಕಾಗಿತ್ತು! ಅದಕ್ಕೇ ಇಲ್ಲಿ ಇನ್ನೊಂದು ಮನೆ ಮಾಡಿಬಿಟ್ಟೆ!”

ಇಲ್ಲಿ ಒಂದು ಮಾತು ಹೇಳಬೇಕು. ಚನ್ನಗಿರಿ ಸೀಮೆಯಲ್ಲಿ ಮದುವೆಯಾದ ಗಂಡಸು ಮನೆ ಕಟ್ಟಿಸಬಹುದು, ಕೊಳ್ಳಬಹುದು, ಬಾಡಿಗೆಗೆ ಹಿಡಿಯಬಹುದು. ಆದರೆ ಹೆಂಡತಿಯನ್ನು ಊರಲ್ಲಿ ಬಿಟ್ಟವನು ಬೇರೆ ಊರಿನಲ್ಲಿ “ಇನ್ನೊಂದು ಮನೆ ಮಾಡಿದ” ಎಂದರೆ ಅದಕ್ಕಿರುವ ಅರ್ಥ ಒಂದೇ. ಆ ಅರ್ಥಕ್ಕೆ ಇಟ್ಟಿಗೆ ಗಾರೆ ಏನೂ ಬೇಕಾಗಿಲ್ಲ. ಹಿಂದಿನ ವರ್ಷವಷ್ಟೇ ಹೊನ್ನಾಳಿಯ ಒಬ್ಬ ಕಂಟ್ರಾಕ್ಟರು ಹಾಗೆ ಮನೆ ಮಾಡಿ, ಎರಡು ಊರುಗಳಲ್ಲಿ ಒದೆ ತಿಂದಿದ್ದ.

ಕೊಟ್ರಬಸಪ್ಪನವರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು. “ಏನಂದ್ರಿ? ಇನ್ನೊಂದು ಮನೆ ಮಾಡೀರಾ?”

ಅಂಚೆ ಕಚೇರಿಯಲ್ಲಿ ಸ್ಟಾಂಪು ನೆಕ್ಕುತ್ತಿದ್ದವನು ನಾಲಿಗೆ ಹೊರಗಿಟ್ಟುಕೊಂಡೇ ನಿಂತ.

“ಹೌದು! ಮೇರಿ...” ಎಂದ ಜಯದೇವಪ್ಪ. ಅದರ ಮುಂದಿನ “ಸ್ಟ್ರೀಟ್” ಎಂಬುದನ್ನು ಜೋಳದ ಸದ್ದು ನುಂಗಿತು.

“ಮೇರಿ?”

“ಹಾಂ, ಮೇರಿ! ಭಾರಿ ಒಳ್ಳೇ ಜಾಗ!”

ಸಿಟ್ಟು ಬಂದಾಗ ಹೆಂಗಸನ್ನು “ಅದು” ಎನ್ನುವುದು ನಮ್ಮಲ್ಲಿ ರೂಢಿ. ಕೊಟ್ರಬಸಪ್ಪನವರೂ ರೂಢಿ ತಪ್ಪಲಿಲ್ಲ. “ಅದಕ್ಕೆ ಎಷ್ಟು ವರ್ಷ?” ಎಂದು ಹಲ್ಲು ಕಡಿದರು.

“ಅರವತ್ತು ದಾಟೈತೆ! ಆದ್ರೂ ಗಟ್ಟಿಮುಟ್ಟಾಗೈತೆ!”

“ಅರವತ್ತಾ?”

“ಚಳಿಗಾಲದಾಗೆ ಒಂದೀಟು ಸೋರ್ತೈತಂತೆ! ಔಷಧ ಹಾಕಿಸಿದ್ರೆ ನಿಲ್ತೈತೆ!”

ಮೂಗು ಎಂದುಕೊಂಡರು ಕೊಟ್ರಬಸಪ್ಪನವರು. “ಮೊದ್ಲು ಯಾರತ್ರ ಇತ್ತು ಅದು?”

“ಒಬ್ಬ ಡಾಕ್ಟ್ರು ಇಟ್ಕಂಡಿದ್ದ! ಅವನು ಸತ್ತ ಮೇಲೆ ಯಾರೂ ಇರ್ಲಿಲ್ಲ! ನಾನು ಮುಂಗಡ ಕೊಟ್ಟು ಹಿಡಕಂಡೆ! ಶಾಂತನ್ನ ಲಗೂನ ಕಳಿಸ್ರಿ! ಅವಳು ಬಂದು ತೊಳೆದು, ಬಳಿದು, ಅರಿಶಿಣ ಕುಂಕುಮ ಹಚ್ಚಿದ್ರೆ ಲಕ್ಷಣವಾಗಿ...”

ಫೋನು ಕಡಿದುಹೋಯಿತು. ಕೊಟ್ರಬಸಪ್ಪನವರು ತಿಪ್ಪೇಶಪ್ಪನ ಕುರ್ಚಿಯಲ್ಲೇ ಕುಸಿದು ಕುಳಿತರು. ತಿಪ್ಪೇಶಪ್ಪ ನೀರು ಕೊಟ್ಟ.

“ನನ್ನ ತಂಗಿ ಹೋಗಿ ಆ ಮುದುಕಿನ್ನ ತೊಳೀಬೇಕಂತೆ!” ಎಂದರು ಕೊಟ್ರಬಸಪ್ಪನವರು. ಆ ಮಾತಿಗೆ ಗಾದ್ರಮ್ಮಜ್ಜಿ ಪಿಂಚಣಿಯನ್ನೂ ಇಸಿದುಕೊಳ್ಳದೆ ಹೊರಟಳು. ಅವಳಿಗೆ ಹೋಗಬೇಕಾದ ಮನೆಗಳು ಬಹಳ ಇದ್ದವು.

ಶಾಂತಾದೇವಿ ಸಂಜೆ ನಲ್ಲೂರಿನ ಬಸ್ಸಿನಿಂದ ಇಳಿದಾಗ ಬಸ್‌ಸ್ಟ್ಯಾಂಡಿನ ಹೂವಿನವಳು ಕಾಸು ಇಸಿದುಕೊಳ್ಳದೆ ಒಂದು ಮೊಳ ಮಲ್ಲಿಗೆ ಕೊಟ್ಟು, “ಮುಡ್ಕಳವ್ವ, ಇರೋ ತನಕ ಮುಡ್ಕಳವ್ವ” ಎಂದಳು. ಯಾರೋ ಸತ್ತಿದ್ದಾರೆಂದುಕೊಂಡು ಶಾಂತಾದೇವಿ ಓಡುತ್ತ ಮನೆಗೆ ಬಂದಳು. ಕೊಟ್ರಬಸಪ್ಪನವರು ತಲೆಗೆ ವಸ್ತ್ರ ಸುತ್ತಿ ಮಲಗಿದ್ದರು. ಅವರ ಹೆಂಡತಿ ಪ್ರೇಮಮ್ಮ ಸಂಗತಿ ತಿಳಿಸಿದಳು.

ಶಾಂತಾದೇವಿ ಸ್ವಲ್ಪ ಹೊತ್ತು ಯೋಚಿಸಿ, “ಅಲ್ಲಣ್ಣಾ, ಅರವತ್ತು ವರ್ಷದೋಳನ್ನ ಯಾರಾದ್ರೂ ಇಟ್ಕಂತಾರಾ?” ಎಂದಳು.

“ಅದು ಇಂಗ್ಲೆಂಡ್ ಕಣವ್ವ. ಅಲ್ಲಿ ನಮ್ಮೋರಿಗೆ ಹೊಸದೇನೂ ಸಿಗಾಕಿಲ್ಲ. ಎಲ್ಲಾ ಸೆಕೆಂಡ್ ಹ್ಯಾಂಡೇ.”

“ಒಂದು ಕಾಗದ ಬರೆದು ಕೇಳಬಾರದೇನ್ರಿ?” ಎಂದಳು ಪ್ರೇಮಮ್ಮ.

“ಏನಂತ ಕೇಳಾದು? ನಾನು ಈ ಕಿವಿಯಾರೆ ಕೇಳೀನಿ!” ಎಂದು ಕೊಟ್ರಬಸಪ್ಪನವರು ವಸ್ತ್ರ ಬಿಚ್ಚಿ ಕಿವಿ ತೋರಿಸಿದರು. ವಾದ ಮುಗಿಯಿತು.

ಶಾಂತಾದೇವಿ ನಂಬಲಿಲ್ಲ. ಆದರೆ ಒಂದು ವಾರ ಕಳೆದು ಇಂಗ್ಲೆಂಡಿನಿಂದ ಒಂದು ಲಕೋಟೆ ಬಂತು. ಜಯದೇವಪ್ಪನಿಗೆ ಬರೆಯುವುದೆಂದರೆ ಆಗದು; ಒಳಗೆ ಇದ್ದದ್ದು ಒಂದು ಫೋಟೋ ಮಾತ್ರ. ಕಲ್ಲಿನ ಮನೆಯೊಂದರ ಬಾಗಿಲಲ್ಲಿ ಟೋಪಿ ಇಟ್ಟ ಮುದುಕಿಯೊಬ್ಬಳು ಬೆಕ್ಕನ್ನು ಎತ್ತಿಕೊಂಡು, ಬಾಯಿ ತುಂಬ ನಗುತ್ತ ನಿಂತಿದ್ದಳು. ಹಿಂಬದಿಯಲ್ಲಿ “ಇದೇ ಅದು. ಹೆಂಗೈತೆ ತಿಳಿಸಿ” ಎಂದಿತ್ತು.

ಫೋಟೋ ಬೀದಿಯಲ್ಲಿ ಮೆರವಣಿಗೆ ಹೊರಟಿತು. ಮನೆಯನ್ನು ಯಾರೂ ನೋಡಲಿಲ್ಲ.

“ಹೌದೇಳು, ಅರವತ್ತು ಖರೆ” ಎಂದ ತಿಪ್ಪೇಶಪ್ಪ.

“ಮೇಲೆ ನಾಲ್ಕೈದು ಬಿದ್ದಾವೆ” ಎಂದಳು ಗಾದ್ರಮ್ಮಜ್ಜಿ, ತನ್ನ ವಯಸ್ಸಿನವರ ವಿಷಯದಲ್ಲಿ ಅಧಿಕಾರವಾಣಿಯಿಂದ. “ಮುಖದಾಗೆ ಕಳೆ ಐತೆ. ಏನೋ, ಪಾಪ, ಹೊತ್ತಿಗೆ ಸರಿಯಾಗಿ ಅನ್ನ ಮಾಡಿ ಹಾಕ್ತಾಳೇನೋ.”

“ಬೆಕ್ಕೂ ಬಳುವಳಿ ಬಂದಂಗೈತೆ” ಎಂದ ಇನ್ನೊಬ್ಬ.

ಫೋಟೋ ಕೊನೆಗೆ ಶಾಂತಾದೇವಿಯ ಕೈಗೆ ಬಂತು. ಅವಳು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಟ್ರಂಕು ತೆಗೆದು, ಚಟ್ನಿಪುಡಿಯ ಡಬ್ಬವನ್ನು ತಂದು ಅತ್ತಿಗೆಯ ಮುಂದಿಟ್ಟು, “ಇದನ್ನ ನೀವೇ ತಿನ್ರಿ ಅತ್ತಿಗೆ” ಎಂದಳು. ಆ ದಿನ ಅವಳು ಊಟ ಮಾಡಲಿಲ್ಲ. ಪ್ರೇಮಮ್ಮನೂ ಮಾಡಲಿಲ್ಲ. ಕೊಟ್ರಬಸಪ್ಪನವರು ಚಟ್ನಿಪುಡಿಗೆ ಮೊಸರು ಹಾಕಿಕೊಂಡು ಎರಡು ರೊಟ್ಟಿ ತಿಂದು, ಹಿರಿಯರಿಗೆ ಹೇಳಿಕಳಿಸಿದರು.

ಹಿರಿಯರ ಸಭೆ ಪಾತ್ರೆ ಅಂಗಡಿಯಲ್ಲೇ ಕೊಳದಪ್ಪಲೆಗಳ ನಡುವೆ ಸೇರಿತು. ಹೊನ್ನಾಳಿಯ ಚಿಕ್ಕಪ್ಪ ಬಂದವರೇ, “ಕಾಲು ಮುರೀಬೇಕು ಅವಂದು” ಎಂದರು. ಕಾಲು ಇಂಗ್ಲೆಂಡಿನಲ್ಲಿದೆ ಎಂದು ನೆನಪಿಸಿದ ಮೇಲೆ ಕಾಫಿ ಕೇಳಿದರು. ನ್ಯಾಮತಿಯ ಸೋದರಮಾವ ವ್ಯವಹಾರಸ್ಥರು. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, “ಹಿಂದೆ ಕಾಣೋ ಮನೆ ಈ ಯಮ್ಮಂದೇ ಏನು?” ಎಂದರು.

“ಇರಬೋದು” ಎಂದರು ಕೊಟ್ರಬಸಪ್ಪನವರು.

“ಮಕ್ಕಳು ಮರಿ?”

“ಕಾಣಲ್ಲ. ಬೆಕ್ಕೊಂದೇ.”

“ಹಂಗಾದ್ರೆ ಅವಸರ ಯಾಕೆ?” ಎಂದರು ಸೋದರಮಾವ ತಣ್ಣಗೆ. “ಕಲ್ಲು ಮನೆ. ಅರವತ್ತೈದಾಗೈತೆ, ಶೀತದ ಮೈ. ಎಷ್ಟು ದಿನ ಇರ್ತಾಳೆ? ಒಂದು ನಾಲ್ಕು ವರ್ಷ ಕಣ್ಣು ಮುಚ್ಕಂಡಿದ್ರೆ...”

“ನನ್ನ ತಂಗಿ ಬಾಳೇವು ಇದು, ಹಳೇ ತಾಮ್ರದ ವ್ಯಾಪಾರ ಅಲ್ಲ!” ಎಂದು ಕೊಟ್ರಬಸಪ್ಪನವರು ಗುಡುಗಿದರು. ಆ ಗುಡುಗಿಗೆ ಹಿಂದಿನ ಕೊಡಪಾನಗಳು ಗುಂಯ್ ಎಂದವು. ಸಭೆ ಗಂಭೀರವಾಯಿತು. ಟೆಲಿಗ್ರಾಂ ಕೊಡುವುದೆಂದು ತೀರ್ಮಾನವಾಯಿತು.

ಬರೆಯುವ ಜವಾಬ್ದಾರಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಮಹೇಶ್ವರಪ್ಪನವರಿಗೆ ಬಿತ್ತು. “ಆ ಹೆಂಗಸನ್ನು ಬಿಡು” ಎಂದು ಬರೆಯಿರೆಂದರೆ ಅವರು ಪೆನ್ನು ಕೆಳಗಿಟ್ಟರು.

“ಶಿವಮೊಗ್ಗದಾಗೆ ಓದ್ತಾರೆ, ಬೆಂಗಳೂರಾಗೆ ಓದ್ತಾರೆ, ಬೊಂಬಾಯಾಗೆ ಓದ್ತಾರೆ. ಮನೆತನದ ಮರ್ಯಾದೆ ತಂತಿ ಮೇಲೆ ಹೋಗ್ತೈತಲ್ರೀ. ಹೆಂಗಸು ಅನ್ನೋ ಪದಾನೇ ಬ್ಯಾಡ. ಅವನಿಗೆ ತಿಳೀತೈತೆ, ಬೇರೆಯವರಿಗೆ ತಿಳಿಯಾಕಿಲ್ಲ, ಹಂಗೆ ಬರೀತೀನಿ.”

ಅವರು ಬರೆದ ಇಂಗ್ಲಿಷಿನ ಕನ್ನಡ ಇಷ್ಟು: “ಫೋಟೋ ನೋಡಿದೆವು. ಹಳೆಯದು ಹಿರಿಯರಿಗೆ ಒಪ್ಪಿಗೆಯಿಲ್ಲ. ಕೂಡಲೇ ಬಿಡು. ಬಿಟ್ಟರಷ್ಟೇ ಶಾಂತಾ ಬರುವುದು.” ಎಲ್ಲರೂ ಮೇಷ್ಟ್ರ ಜಾಣತನವನ್ನು ಮೆಚ್ಚಿದರು.

ಆ ಟೆಲಿಗ್ರಾಂ ಬ್ರಾಡ್‌ಫರ್ಡ್ ತಲುಪಿದಾಗ ಜಯದೇವಪ್ಪ ಮೇರಿ ಸ್ಟ್ರೀಟಿನ ಆ ಕಲ್ಲು ಮನೆಯ ಅಡುಗೆಮನೆಯನ್ನು ಅಳೆಯುತ್ತಿದ್ದ. ರೊಟ್ಟಿ ತಟ್ಟಲು ಶಾಂತಾದೇವಿ ಎಲ್ಲಿ ಕೂರಬಹುದೆಂದು ತಾನೇ ನೆಲದ ಮೇಲೆ ಕುಳಿತು ನೋಡುತ್ತಿದ್ದ. ಎರಡು ಅಡಿ ದಪ್ಪದ ಗೋಡೆ, ಹಿತ್ತಲಲ್ಲಿ ಕೊತ್ತಂಬರಿ ಹಾಕುವಷ್ಟು ಮಣ್ಣು, ಮಾಡಿನಲ್ಲಿ ಒಂದೇ ಒಂದು ಸೋರುವ ಜಾಗ. ಅದನ್ನು ಹುಡುಕಲು ಅವನು ಎಷ್ಟೋ ಭಾನುವಾರ ನಡೆದಿದ್ದ. ಟೆಲಿಗ್ರಾಮನ್ನು ಎರಡು ಸಲ ಓದಿದ. ಫೋಟೋ ಕಳಿಸಿ ಹೇಗಿದೆ ಎಂದು ಕೇಳಿದವನು ತಾನೇ. ಹಳೆಯದು ಬೇಡ ಎಂದು ಹಿರಿಯರು ಸ್ಪಷ್ಟವಾಗಿ ಹೇಳಿದ್ದಾರೆ. ಇದರಲ್ಲಿ ಅನುಮಾನಕ್ಕೆ ಎಡೆ ಎಲ್ಲಿ?

ಜೊತೆಗಿದ್ದ ಪಂಜಾಬಿ ಗೆಳೆಯ, ಐದು ಸಾವಿರ ಮೈಲಿ ಆಚೆ ಇರುವವರಿಗೆ ಈ ಮನೆಯ ಮೇಲೆ ಏನು ಸಿಟ್ಟು ಎಂದು ಕೇಳಿದ. “ಹಿರಿಯರು” ಎಂದ ಜಯದೇವಪ್ಪ. ಅಷ್ಟಕ್ಕೆ ಮುಂಗಡ ಬಿಟ್ಟುಕೊಟ್ಟು, ಊರ ಹೊರಗೆ ಹೊಸದಾಗಿ ಕಟ್ಟಿದ ಸಾಲುಮನೆಗಳಲ್ಲಿ ಒಂದನ್ನು ಹಿಡಿದ. ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟಂಥ ಮನೆಗಳು. ಪಕ್ಕದವರು ಸೀನಿದರೆ ಈ ಮನೆಯ ಕಿಟಕಿ ಅಲುಗುತ್ತಿತ್ತು. ಆದರೆ ಹೊಸದು.

ಮತ್ತೆ ಟ್ರಂಕ್‌ಕಾಲ್ ಬಂತು. ಈ ಸಲ ಅಂಚೆ ಕಚೇರಿಯಲ್ಲಿ ಬಾಗಿಲು ಹಾಕಲು ಆಗದಷ್ಟು ಜನ. “ನಾನೂ ಬರ್ತೀನಿ” ಎಂದು ಶಾಂತಾದೇವಿ ಹಟ ಹಿಡಿದು ಬಂದು, ಗಾದ್ರಮ್ಮಜ್ಜಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು.

“ಭಾವನೋರೇ! ಹಳೇದನ್ನ ಬಿಟ್ಟೆ!”

“ಬಿಟ್ಟಾ!” ಎಂದು ಕೊಟ್ರಬಸಪ್ಪನವರು ರಿಸೀವರು ಎತ್ತಿ ಹಿಡಿದು ಸಾರಿದರು. ಜನ ಉಸಿರು ಬಿಟ್ಟರು. ಮಹೇಶ್ವರಪ್ಪ ಮೇಷ್ಟ್ರು ಶಲ್ಯ ಸರಿಮಾಡಿಕೊಂಡರು. “ಬಾಳ ಚಲೋ ಮಾಡಿದ್ರಿ ಭಾವಾ! ಶಿವ ಒಳ್ಳೇ ಬುದ್ಧಿ ಕೊಟ್ಟ!”

“ಈಗ ಹೊಸದು ಹಿಡಿದೀನಿ!”

ಕೊಟ್ರಬಸಪ್ಪನವರು ರಿಸೀವರನ್ನು ಕಿವಿಗೆ ಒತ್ತಿಕೊಂಡರು. “ಹೊಸದಾ? ಇನ್ನೊಂದಾ? ಇದಕ್ಕೆಷ್ಟು ವರ್ಷ?”

“ಇನ್ನೂ ವರ್ಷಾನೂ ತುಂಬಿಲ್ಲ ಭಾವನೋರೇ!”

“ವರ್ಷಾನೂ ತುಂಬಿಲ್ವಾ?”

ಅಂಚೆ ಕಚೇರಿಗೆ ಈ ಮಾತನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅರಗಿದ್ದು ಗಾದ್ರಮ್ಮಜ್ಜಿಗೆ. ಅವಳು ಗಲ್ಲಕ್ಕೆ ಕೈಯಿಟ್ಟು, “ಅಯ್ಯೋ ನಮ್ಮವ್ವ, ಅರವತ್ತರಾಗೆ ಹಡೆದ್ಲೇನ್ರೇ!” ಎಂದಳು.

ಗದ್ದಲ ಎದ್ದಿತು. ಇಂಗ್ಲೆಂಡಿನ ಔಷಧಿಯ ಬಗ್ಗೆ ಒಬ್ಬ, ಹವೆಯ ಬಗ್ಗೆ ಒಬ್ಬ ಮಾತಿಗೆ ತೊಡಗಿದರು. ಆ ಗದ್ದಲದ ನಡುವೆ ಶಾಂತಾದೇವಿ ಎದ್ದು ಬಂದು, “ಕೊಡಣ್ಣಾ ಇಲ್ಲಿ” ಎಂದು ಅಣ್ಣನ ಕೈಯಿಂದ ರಿಸೀವರು ಕಿತ್ತುಕೊಂಡಳು. ಆ ಊರಿನಲ್ಲಿ ಹೆಂಗಸೊಬ್ಬಳು ಎಲ್ಲರೆದುರು ಗಂಡನ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ತಿಪ್ಪೇಶಪ್ಪ ಇದಕ್ಕೆ ಇಲಾಖೆಯ ನಿಯಮ ಏನೆಂದು ಯೋಚಿಸತೊಡಗಿದ.

“ರೀ, ನಾನು. ನಾನು ಕೇಳಿದ್ದಕ್ಕೆ ಮಾತ್ರ ಹೇಳ್ರಿ. ಅದಕ್ಕೆ ಬಾಗಿಲು ಎಷ್ಟು?”

“ಎರಡು! ಮುಂದೊಂದು ಹಿಂದೊಂದು! ಕಿಟಕಿ ಆರು!”

“ಹಳೇದಕ್ಕೆ?”

“ಹಳೇದಕ್ಕೆ ಮೂರು ಇದ್ವು! ನೀವೇ ಬ್ಯಾಡ ಅಂದ್ರಲ್ಲ!”

“ಫೋಟೋದಾಗಿನ ಅಜ್ಜಿ ಯಾರ್ರೀ?”

“ಪಕ್ಕದ ಮನೆಯಾಕಿ! ಮನೆ ಫೋಟೋ ಹಿಡಿಯಾಕೆ ಹೋದ್ರೆ ತನ್ನದೇ ಹಿಡೀತಾರೆ ಅಂತ ಬಂದು ನಿಂತ್ಲು! ಪಾಪ, ಪಕ್ಕಕ್ಕೆ ಸರಿ ಅಂತ ಹೆಂಗೆ ಹೇಳ್ಲಿ?”

ಶಾಂತಾದೇವಿ ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ಆ ತುದಿಯಲ್ಲಿ ಜಯದೇವಪ್ಪ “ಯಾಕೆ ಅಳ್ತೀಯಾ? ಯಾಕೆ ಅಳ್ತೀಯಾ?” ಎಂದು ಕೂಗುತ್ತಿದ್ದ. “ಅಳ್ತಿಲ್ಲ, ಬರ್ತೀನಿ, ಟಿಕೀಟು ಮಾಡಿಸ್ರಿ” ಎಂದು ಅವಳು ರಿಸೀವರನ್ನು ಅಣ್ಣನಿಗೆ ಕೊಟ್ಟು, ನೆರೆದವರ ಕಡೆ ತಿರುಗಿ, “ಮನೆ ಕಣ್ರಪ್ಪಾ. ಇರೋ ಮನೆ. ಬಾಗಿಲು ಕಿಟಕಿ ಇರೋದು” ಎಂದಳು.

ಜನರಿಗೆ ಬಹಳ ನಿರಾಶೆಯಾಯಿತು. ಕೆಲವರು ಆಗಲೇ ಹೊರಟರು.

ಆದರೆ ಜಯದೇವಪ್ಪ ಇನ್ನೂ ಲೈನಿನಲ್ಲಿದ್ದ. “ಭಾವನೋರೇ, ಒಂದು ಕೇಳಬೇಕು! ಹಳೇ ಮನೆ ಯಾಕೆ ಬ್ಯಾಡ ಅಂದ್ರಿ? ಮುಂಗಡ ಹೋತು!”

ಹೊರಟವರು ನಿಂತರು. ಎಲ್ಲರ ಕಣ್ಣು ಕೊಟ್ರಬಸಪ್ಪನವರ ಮೇಲೆ ನೆಟ್ಟವು. ಮಹೇಶ್ವರಪ್ಪ ಮೇಷ್ಟ್ರು ಗೋಡೆಗೆ ಅಂಟಿಸಿದ್ದ ಉಳಿತಾಯ ಪತ್ರದ ಜಾಹೀರಾತನ್ನು ಆಸಕ್ತಿಯಿಂದ ಓದತೊಡಗಿದರು. ಕೊಟ್ರಬಸಪ್ಪನವರ ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ನಿಜ ಹೇಳಬಹುದಿತ್ತು.

“ವಾಸ್ತು!” ಎಂದರು.

“ಏನು?”

“ವಾಸ್ತು ಸರಿ ಇರ್ಲಿಲ್ಲ ಭಾವಾ! ನೋಡಿದ ಕೂಡ್ಲೇ ಎದೆ ಝಲ್ ಅಂತು!”

“ಫೋಟೋದಾಗೇ ತಿಳೀತಾ ಭಾವನೋರೇ?” ಜಯದೇವಪ್ಪನ ದನಿಯಲ್ಲಿ ಭಕ್ತಿ ತುಂಬಿತು. “ಆ ಡಾಕ್ಟ್ರು ಅದೇ ಮನೆಯಾಗೆ ಮೆಟ್ಲಿಂದ ಬಿದ್ದು ಸತ್ತಿದ್ನಂತೆ! ನನಗೇ ಮೊನ್ನೆ ಗೊತ್ತಾತು!”

“ನನಗೆ ಅವತ್ತೇ ಗೊತ್ತಿತ್ತು” ಎಂದರು ಕೊಟ್ರಬಸಪ್ಪನವರು. ಆ ಸಂಜೆ ಮನೆಯಲ್ಲಿ ಪ್ರೇಮಮ್ಮ ಈ ಮಾತು ಕೇಳಿ ಗಂಡನನ್ನು ದಿಟ್ಟಿಸಿ ನೋಡಿ, ಒಲೆ ಊದಲು ಹೋದಳು.

ಶಾಂತಾದೇವಿ ಆ ವರ್ಷ ದೀಪಾವಳಿಗೆ ಮುಂಚೆ ಹೊರಟಳು. ಹೊಸದಾಗಿ ಕುಟ್ಟಿದ ಚಟ್ನಿಪುಡಿ ಜೊತೆಗೆ ಹೋಯಿತು. ಹೊನ್ನಾಳಿಯ ಚಿಕ್ಕಪ್ಪ ಬಸ್ಸಿನ ತನಕ ಬಂದು, ಏನಾದರೂ ಆದರೆ ಹೇಳಿಕಳಿಸು, ಕಾಲು ಮುರಿಯುತ್ತೇನೆ ಎಂದು ಧೈರ್ಯ ತುಂಬಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಜಯದೇವಪ್ಪ ಬಾಯಿ ಕಟ್ಟಿಕೊಂಡಿರುವ ಮನುಷ್ಯನಲ್ಲ. ಫೋಟೋ ನೋಡಿ ವಾಸ್ತು ಹೇಳುವ ಭಾವನ ಸಂಗತಿ ಅವನ ಗಿರಣಿಯಲ್ಲಿ ಹರಡಿತು. ಬ್ರಾಡ್‌ಫರ್ಡಿನಲ್ಲಿ ಮನೆ ಕೊಳ್ಳಲಿದ್ದ ಗುಜರಾತಿ, ಪಂಜಾಬಿ, ಇಬ್ಬರು ಧಾರವಾಡದವರು, ಎಲ್ಲರೂ ಚನ್ನಗಿರಿಯ ಪಾತ್ರೆ ಅಂಗಡಿಗೆ ಫೋಟೋ ಕಳಿಸತೊಡಗಿದರು. ಕೊಟ್ರಬಸಪ್ಪನವರು ಮೊದಲ ಫೋಟೋಕ್ಕೆ ಬೆವತರು. ಒಮ್ಮೆ ಬೇಡವೆಂದದ್ದರ ಫಲ ಕಂಡಿದ್ದರಿಂದ, ಬಂದ ಪ್ರತಿಯೊಂದಕ್ಕೂ “ತಗಳ್ಳಿ, ಶುಭವಾಗ್ತೈತೆ” ಎಂದು ಬರೆಸಿದರು. ಕೊಂಡವರೆಲ್ಲ ಸುಖವಾಗಿಯೇ ಇದ್ದರು, ಅಥವಾ ಇಲ್ಲದವರು ಬರೆಯಲಿಲ್ಲ. ಊರಿನವರೂ ಮನೆ ಕೊಳ್ಳುವಾಗ ದಾವಣಗೆರೆಯಿಂದ ಫೋಟೋದವನನ್ನು ಕರೆಸಿ, ಪಕ್ಕ ಬೀದಿಯ ಮನೆಯನ್ನೂ ಫೋಟೋ ತೆಗೆಸಿಯೇ ತಂದು ತೋರಿಸುತ್ತಿದ್ದರು. ಎದ್ದು ಹೋಗಿ ನೋಡಿದರೆ ಕೊಟ್ರಬಸಪ್ಪನವರಿಗೆ ತಿಳಿಯುವುದಿಲ್ಲವೆಂಬ ನಂಬಿಕೆ ಬೆಳೆದಿತ್ತು.

ಎಂಬತ್ತನೇ ಇಸವಿಯಲ್ಲಿ ಶಾಂತಾದೇವಿಯ ಕಾಗದ ಬಂತು. ಮಕ್ಕಳು ಇಬ್ಬರಾಗಿದ್ದಾರೆ, ಬೆಂಕಿಪೊಟ್ಟಣದಂಥ ಮನೆ ಸಾಲದು, ಒಂದು ದೊಡ್ಡ ಮನೆ ನೋಡಿದ್ದೇವೆ. “ಇವರು ನಿನ್ನ ಒಪ್ಪಿಗೆ ಬರದೆ ಸಹಿ ಹಾಕುವುದಿಲ್ಲವೆಂದು ಕುಳಿತಿದ್ದಾರೆ. ಅಣ್ಣಾ, ಮನೆ ನನಗೆ ಬಹಳ ಇಷ್ಟವಾಗಿದೆ” ಎಂದು ಬರೆದು ನಿಲ್ಲಿಸಿದ್ದಳು.

ಕೊಟ್ರಬಸಪ್ಪನವರು ಫೋಟೋ ತೆಗೆದು ನೋಡಿದರು. ಬಾಗಿಲಲ್ಲಿ ಶಾಂತಾದೇವಿ ಇಳಕಲ್ ಸೀರೆಯ ಮೇಲೆ ಗಂಡಸರ ಕೋಟು ತೊಟ್ಟು, ಸೊಂಟದ ಮೇಲೊಂದು ಕೂಸು ಕೂರಿಸಿಕೊಂಡು ನಿಂತಿದ್ದಳು. ಮೈ ಕೈ ತುಂಬಿಕೊಂಡಿದ್ದಳು. ಗಿರಾಕಿ ಬಂದು ಕೊಡಪಾನ ಬಡಿದು ನೋಡಿದ, ಬೆಲೆ ಕೇಳಿದ, ಹೋದ. ಕೊಟ್ರಬಸಪ್ಪನವರು ತಲೆ ಎತ್ತಲಿಲ್ಲ. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಅಂಚೆ ಕಚೇರಿಗೆ ಹೋಗಿ ಟೆಲಿಗ್ರಾಂ ಫಾರಂ ಕೇಳಿದರು.

ತಿಪ್ಪೇಶಪ್ಪ ಫೋಟೋ ಇಸಿದುಕೊಂಡು ನೋಡಿದ. ಮನೆಯ ಸುತ್ತ ದಟ್ಟ ಮಂಜು ಕವಿದಿತ್ತು. ಸೂರ್ಯ ಯಾವ ಕಡೆಗಿದ್ದಾನೆಂದು ಇಂಗ್ಲೆಂಡಿನವರಿಗೂ ಹೇಳಲಾಗುತ್ತಿರಲಿಲ್ಲ.

“ಬಾಗಿಲು ಯಾವ ದಿಕ್ಕಿಗೈತ್ರೀ ಇದು?”

“ಪೂರ್ವಕ್ಕೆ” ಎಂದರು ಕೊಟ್ರಬಸಪ್ಪನವರು. “ಬರಕಳಪ್ಪ, ತಗಳ್ಳಿ ಅಂತ.”